ಬಚ್ಚಲಿನ ರಾಕ್ಷಸ

ನಮ್ಮ ಸೋದರಮಾವ ಹುಟ್ಟಿದಾಗಿನಿಂದ ರಾಕ್ಷಸನ ಮೈಗೆ ಹಿಮ್ಮಡಿ ತಿಕ್ಕಿಕೊಂಡು ಸ್ನಾನ ಮಾಡಿದವರು! ನಗಬೇಡಿ, ಇದು ಅವರೇ ಊರೆಲ್ಲ ಸಾರಿದ ಮಾತು.

ಕೊಲ್ಹಾಪುರದ ಕಡೆಯ ಗಡಹಿಂಗ್ಲಜದಲ್ಲಿ ಅವರದು ಕಿರಾಣಿ ಅಂಗಡಿ. ಒಂದು ದಿನ ಶೇಂಗಾ ಕಟ್ಟಿಕೊಡಲೆಂದು ಹಳೆಯ ಮರಾಠಿ ಪತ್ರಿಕೆ ಕೈಗೆತ್ತಿಕೊಂಡವರು ಅದನ್ನು ಓದುತ್ತ ಕೂತುಬಿಟ್ಟರು. ಗಿರಾಕಿ ಕಾದು ಕಾದು ಹೋದ. ಹಿಂದಿನ ಜನ ನೆಲದಲ್ಲಿ ಸಿಕ್ಕ, ಕಲ್ಲಾಗಿಹೋದ ದೊಡ್ಡ ದೊಡ್ಡ ಎಲುಬು ನೋಡಿ ಗಾಬರಿಯಾಗಿ ರಾಕ್ಷಸರ ಕಥೆ ಕಟ್ಟಿರಬಹುದು ಎಂದು ಅದರಲ್ಲಿತ್ತು. ಪಕ್ಕದಲ್ಲಿ ಆನೆಯ ಕಲ್ಲಾದ ದವಡೆಹಲ್ಲಿನ ಚಿತ್ರ. ಇಟ್ಟಿಗೆಯಷ್ಟು ದಪ್ಪ, ಮೈತುಂಬ ಗೆರೆ. ಮಾವ ಅಂಗಡಿ ಬಿಟ್ಟು ಸೀದಾ ಬಚ್ಚಲಿಗೆ ಓಡಿದರು! ನಮ್ಮ ಅಜ್ಜಿ, ಅಂದರೆ ಮಾವನ ತಾಯಿ, ಎಂದೋ ಹಿರಣ್ಯಕೇಶಿ ಹೊಳೆಯಿಂದ ಹೊತ್ತು ತಂದ ಹಿಮ್ಮಡಿ ತಿಕ್ಕುವ ಕಲ್ಲು ಅಲ್ಲಿತ್ತು. ಅದೇ ದಪ್ಪ, ಅದೇ ಗೆರೆ.

"ಇದು ಕಲ್ಲಲ್ಲ, ಹಲ್ಲು! ರಾಕ್ಷಸ ನಮ್ಮ ಮನ್ಯಾಗ ಅದಾನ!" ಎಂದು ಕುಣಿದರು.

ಆದರೆ ಅತ್ತೆಯ ಮುಖ ನೋಡಬೇಕಿತ್ತು. "ಶಿವ ಶಿವಾ! ಇಷ್ಟು ವರ್ಷ ಎಲುಬಿಲೆ ಮೈ ತಿಕ್ಕೊಂಡು ಲಿಂಗಪೂಜಾ ಮಾಡೀನೇನ್ರಿ ನಾ?"

ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ ಅದು. ಮಾವ ತಡವರಿಸಿದರು. "ಎಲುಬು ಇತ್ತು, ಈಗ ಕಲ್ಲಾಗೇತಿ."

"ಯಾವಾಗ ಆತು? ಅತ್ತಿಯಾರು ತರೂಕಿಂತ ಮೊದಲೋ, ತಂದ ಮ್ಯಾಲೋ?"

ಅತ್ತೆಯ ತೀರ್ಪು ಸ್ಪಷ್ಟವಾಗಿತ್ತು: ಕಲ್ಲಾದರೆ ಒಳಗೆ, ಎಲುಬಾದರೆ ಹೊಳೆಗೆ. ಅಲ್ಲಿಯವರೆಗೆ ಅದು ಅಂಗಳದಲ್ಲಿ, ತುಳಸಿಯಿಂದಲೂ ದೂರ.

ಮಾವ ಅದನ್ನು ಕೈಚೀಲದಲ್ಲಿಟ್ಟುಕೊಂಡೇ ತಿರುಗತೊಡಗಿದರು. ಇಚಲಕರಂಜಿಯಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳ ನಿಶ್ಚಯ. ಊಟದ ಪಂಕ್ತಿಯಲ್ಲಿ ಬೀಗರ ಮುಂದೆ ಹಲ್ಲು ಹೊರಗೆ ಬಂತು!

"ಬಕಾಸುರ ಖರೇ ಅಂದ್ರ ಆನೀರಿ," ಎಂದರು ಮಾವ.

ಬೀಗರ ಕಡೆಯ ಹಿರಿಯರೊಬ್ಬರು ಹೋಳಿಗೆ ಕೆಳಗಿಟ್ಟರು. "ಹಂಗಾರ ಭೀಮಸೇನ ಕೊಂದಿದ್ದು ಪಾಪದ ಆನೀನ ಏನ್ರಿ?"

ಮಾವ ಹಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅದು ನನಗೂ ತಿಳಿವಲ್ದು ನೋಡ್ರಿ."

"ಮತ್ತ ಗಣಪ್ಪ?"

"ಅವನ ಸುದ್ದಿಗೆ ಹೋಗಬ್ಯಾಡ್ರಿ, ಊಟಾ ಮಾಡ್ರಿ!"

ನಿಶ್ಚಯವೇನೋ ಮುರಿಯಲಿಲ್ಲ. ಆದರೆ ಅವತ್ತು ಉಂಡವರಲ್ಲಿ ಅರ್ಧ ಜನ ಇವತ್ತಿಗೂ ಗೊಂದಲದಲ್ಲಿದ್ದಾರೆ, ನಾನೂ ಒಬ್ಬ.

ಕೊನೆಗೆ ನಾನೇ ಅವರನ್ನು ಎಸ್‌ಟಿ ಬಸ್ಸಿನಲ್ಲಿ ಕೊಲ್ಹಾಪುರದ ಪ್ರಾಧ್ಯಾಪಕರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಹತ್ತೀಚಾ ದಾತ ಆಹೇ," ಎಂದರು. ಆನೆಯ ಹಲ್ಲೇ! ಹಿಂದೆ ಹಲ್ಲು, ಈಗ ಪೂರ್ತಿ ಕಲ್ಲು. ಮನುಷ್ಯರು ಗಡಹಿಂಗ್ಲಜ ಕಟ್ಟುವುದಕ್ಕಿಂತ ಎಷ್ಟೋ ಮೊದಲೇ ಕಲ್ಲಾದದ್ದು. ಕಾಲೇಜಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ, ಕೊಡಿ ಎಂದೂ ಕೇಳಿದರು. ಮಾವನ ಮುಖ ಅರಳಿತು. ಪೆಟ್ಟಿಗೆಯ ಮೇಲೆ ಅವರ ಹೆಸರು ಬೇರೆ!

ಆಗ ಪ್ರಾಧ್ಯಾಪಕರು ಕಲ್ಲಿನ ಮಗ್ಗಲಿಗಿದ್ದ ನುಣುಪಾದ ತಗ್ಗಿನ ಮೇಲೆ ಬೆರಳಾಡಿಸಿದರು. ಇದೊಂದು ಮಾತ್ರ ಆನೆ ಅಗಿದು ಸವೆದದ್ದಲ್ಲ, ಇಲ್ಲಿ ಯಾರೋ ವರ್ಷಗಟ್ಟಲೆ ಏನನ್ನೋ ತಿಕ್ಕಿದ್ದಾರೆ ಎಂದರು.

ಮಾವ ಕಲ್ಲನ್ನು ತಿರುಗಿ ಕೈಗೆ ತೆಗೆದುಕೊಂಡರು. ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟರು, ತೆಗೆಯಲೇ ಇಲ್ಲ. ಅಜ್ಜಿ ಜನ್ಮವಿಡೀ ಬರಿಗಾಲಲ್ಲಿ ಕಬ್ಬಿನ ಹೊಲ ತುಳಿದವಳು. ಅವಳ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ.

"ಕೊಡೂದಿಲ್ರಿ," ಎಂದು ಮಾವ ಕಲ್ಲನ್ನು ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ಅವರ ತೊಡೆಯ ಮೇಲೇ ಇತ್ತು.

ಅತ್ತೆ ಬಾಗಿಲಲ್ಲೇ ತಡೆದರು. "ಏನಂದ್ರು? ಕಲ್ಲೋ, ಎಲುಬೋ?"

ಮಾವ ಅವರ ಕೈ ಹಿಡಿದು ಆ ತಗ್ಗಿನ ಮೇಲಿಟ್ಟರು. "ಇದು ಅವ್ವನ ಹಿಮ್ಮಡಿ."

ಅತ್ತೆ ಬೆರಳಿನಿಂದ ಸವರಿ ಸವರಿ ನೋಡಿದರು. ನಂತರ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದರು: "ಅತ್ತಿಯಾರನ್ನ ಹೊರಗ ನಿಂದರಿಸ್ತೀರೇನು? ಒಳಗ ತರ್ರಿ."

ಈಗ ಕಲ್ಲು ಬಚ್ಚಲಲ್ಲೇ ಇದೆ. ಎಲ್ಲರೂ ಹಿಮ್ಮಡಿ ತಿಕ್ಕಿಕೊಳ್ಳುತ್ತಾರೆ. ಆ ಮಗ್ಗಲಿಗೆ ಮಾತ್ರ ಯಾರೂ ಕಾಲು ತಾಗಿಸುವುದಿಲ್ಲ.