ಅತ್ತೆ ಸಾಕಿದ ಕಳ್ಳಿಯರು

"ಹ್ಹೂಂ... ಹ್ಹೂಂ!"

ಎಪ್ಪತ್ತರ ದಶಕದ ಧರ್ಮಪುರಿ ಅಂದರೆ ನನ್ನ ಕಿವಿಯಲ್ಲಿ ಇವತ್ತಿಗೂ ಆ ಸುಳ್ಳು ಕೆಮ್ಮು. ಗಂಟಲಿಗೇನೂ ಆಗಿರಲಿಲ್ಲ. ನನ್ನ ಸೋದರತ್ತೆ ಕಳ್ಳರನ್ನು ಕರೆಯುತ್ತಿದ್ದುದೇ ಹಾಗೆ!

ಅವಳ ಹಿತ್ತಲು ಹದಿನೈದು ಹೆಜ್ಜೆ ಅಗಲವಿದ್ದೀತು. ಬಚ್ಚಲ ನೀರು ಕುಡಿದೇ ಹೀರೆ, ಹಾಗಲ, ಅವರೆ ಬೀದಿಗೆಲ್ಲ ಆಗುವಷ್ಟು ಬಿಡುತ್ತಿದ್ದವು. ಕಾಯಿ ಯಾರು ಕೇಳಿದರೂ ಮಡಿಲು ತುಂಬ ಕೊಡುವಳು. ಬೀಜ ಮಾತ್ರ, ನೋ! ಕೇಳಿ ತಂದ ಬೀಜ ಮುನಿಸಿಕೊಳ್ಳುತ್ತದೆ, ಕದ್ದದ್ದೇ ಹುಟ್ಟುವುದು ಎಂಬುದು ಅವಳ ಸೈನ್ಸ್.

"ಕದ್ದದ್ದು ಅಂತ ಬೀಜಕ್ಕೆ ಹೇಗೆ ಗೊತ್ತಾಗತ್ತೆ ಅತ್ತೆ?"

"ಮಳೆ ಬಂದದ್ದು ಯಾರೇಳಿ ಗೊತ್ತಾಯ್ತದೆ ಅದಕ್ಕೆ?"

ಪಕ್ಕದ ಮನೆಯಾಕೆ "ಅಕ್ಕಾ, ಕೊಂಜಂ ಪಾವಕ್ಕಾ ವಿದೈ..." ಎಂದು ತಮಿಳಿನಲ್ಲಿ ಹಾಗಲಬೀಜ ಕೇಳಿದರೆ, "ಇಲ್ಲ ಓಗಮ್ಮ!" ಎಂದು ಗದರಿ, ಬೀಜವಿಟ್ಟ ಗೋಡೆಯ ಗೂಡಿನತ್ತ ಕಣ್ಸನ್ನೆ ಮಾಡಿ, ಬೆನ್ನು ತಿರುಗಿಸಿ ಕೆಮ್ಮುವಳು. ಆಕೆ ತಡಮಾಡಿದರೋ, "ಎಷ್ಟೊತ್ತು ಕೆಮ್ಲಿ? ಕದಿಯೋದ್ನೂ ನಾನೇ ಏಳ್ಕೊಡ್ಬೇಕಾ?"

ಒಂದನ್ನು ಮಾತ್ರ ಬೀದಿಯವರು ಮುಟ್ಟುವಂತಿರಲಿಲ್ಲ. ಒಲೆಯ ಮೇಲಿನ ತೊಲೆಗೆ ತೂಗುಹಾಕಿದ, ಹಳದಿಗೆ ತಿರುಗಿದ ಬೀಜದ ಬದನೆ. ಅವಳ ತವರಿನ ತಳಿ. ಅಮ್ಮನಿಂದ ಅವಳೇ ಕದ್ದದ್ದು. ಆ ಮನೆಯ ಹೆಣ್ಣುಮಗಳೇ ಮುಂದೆ ಕದಿಯಬೇಕು. ಅವಳಿಗೆ ಮಕ್ಕಳಿಲ್ಲ. ತವರಿನಲ್ಲಿ ಇದ್ದ ಒಬ್ಬಳೇ ಹುಡುಗಿ ನಾನು, ಸೇಲಂ ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್‌ಗೆ ಫಸ್ಟ್ ಪ್ರೈಜ್ ಹೊಡೆದವಳು!

ಒಂದು ರಜೆಯಲ್ಲಿ ಧೈರ್ಯ ಮಾಡಿ ಕಿತ್ತೆ. ಬಾಗಿಲ ತನಕ ಹೋಗಿ, ವಾಪಸ್ ಬಂದು, "ಸಾರಿ, ಅತ್ತೆ" ಎಂದು ಅವಳ ಕೈಗೇ ಇಟ್ಟೆ.

"ಥೂ ನಿನ್ ಓದಿಗಿಷ್ಟು! ಕದ್ದೋಳು ಸಾರಿ ಅಂತಾಳೇನೇ? ಇನ್ನಿದು ಉಟ್ಟಾಕಿಲ್ಲ." ಹಣ್ಣು ಕುರಿಯ ಪಾಲಾಯಿತು. ಕುರಿಗೆ ಮಾರಲ್ ಸೈನ್ಸ್ ಇರಲಿಲ್ಲ.

ಮದುವೆಯಾಗಿ ನಾಗಪುರಕ್ಕೆ ಹೊರಡುವ ದಿನ ಅಪ್ಪನೊಂದಿಗೆ ಧರ್ಮಪುರಿಗೆ ಹೋದೆ. ಅತ್ತೆಯ ಕಣ್ಣು ಮಂಜಾಗಿತ್ತು, ಪಾತಿಗಳು ಒಣಗಿದ್ದವು. ತೊಲೆಯಲ್ಲಿ ಒಂದೇ ಒಂದು ಬದನೆ.

"ನಾನು ಇನ್ನ ಬಿತ್ತಾಕಿಲ್ಲ ಕಣಣ್ಣ," ಎಂದು ಅಪ್ಪನಿಗೆ ಹೇಳಿ, ಗೋಡೆಗೆ ಮುಖ ಮಾಡಿ ನಿಂತಳು.

ಸ್ಟೂಲು ಹತ್ತಿದೆ. ಕಿತ್ತೆ. ಸೆರಗಿನಲ್ಲಿ ಸುತ್ತಿದೆ. ಕಾಲಿಗೆ ಬೀಳಬೇಕು, ಹೋಗಿ ಬರ್ತೀನಿ ಅನ್ನಬೇಕು ಎನಿಸಿತು. ಆದರೆ ಯಾವ ಕಳ್ಳಿ ಹೇಳಿ ಹೋಗುತ್ತಾಳೆ?

ಅತ್ತೆ ತಿರುಗಲಿಲ್ಲ. ಗೋಡೆಗೇ ಹೇಳಿದಳು: "ಬಸ್ಸು ಓಯ್ತದೆ. ಓಡೇ, ಮಗಾ."

ಓಡಿದೆ. ಮತ್ತೆ ಅವಳನ್ನು ಕಾಣಲಿಲ್ಲ. ಕೊನೆಯ ಸಲ ನಾನು ನೋಡಿದ್ದು ಅವಳ ಬೆನ್ನನ್ನು. ಮುಖವನ್ನು ನೋಡಿದ್ದು ಆ ಸುಣ್ಣದ ಗೋಡೆ.