ಸಾಕೇ ಎಂದರೆ ಸಾಲದು

ದೇಶ ಸುತ್ತು, ಇಲ್ಲವೇ ಕೋಸು ಹೆಚ್ಚು ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿಲ್ಲ ಎನ್ನುವವರು ಎನ್.ಆರ್. ಕಾಲೋನಿಯ ಸಂಕರ್ಷಣನ ಅಡುಗೆಮನೆಗೆ ಬಂದು ನೋಡಬಹುದು. ಇದು ನಡೆದ ಕತೆ. ಒಗ್ಗರಣೆ ಮಾತ್ರ ಹೊರಗಿನದು.

ಸಂಕರ್ಷಣ ಬ್ಯಾಂಕಿನಲ್ಲಿ ಗುಮಾಸ್ತ. ಹೆಂಡತಿ ಪ್ರಿಯಂವದಾ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರು. ಮುಂದಿನ ತಿಂಗಳು ಅವಳಿಗೆ ಜಪಾನಿನ ಓಸಾಕಾದಲ್ಲಿ ಮೂರು ವಾರ ತರಬೇತಿ. ತರಬೇತಿ ಕೊಡಬೇಕಾದ ಯುಕಿ ಎಂಬಾಕೆ ಈ ವಾರ ಕೆಲಸದ ಮೇಲೆ ಬೆಂಗಳೂರಿಗೇ ಬಂದಿದ್ದರು. ಜೊತೆಗೆ, ಊರು ನೋಡುವುದಕ್ಕೆಂದು ಗಂಡ ಕೆಂಜಿ. “ನಿಮ್ಮ ಯಜಮಾನರು ಒಂದು ದಿನ ಇವರಿಗೆ ಊರು ತೋರಿಸಲಿ. ಇವರಿಗೆ ಅವರು ಹಿಡಿಸಿದರೆ, ನಿಮ್ಮ ಜೊತೆ ಓಸಾಕಾಗೆ ಅವರೂ ಬರಲಿ, ನಮ್ಮ ಮನೆಯಲ್ಲೇ ಉಳಿಯಲಿ” ಎಂದು ಯುಕಿ ಹೇಳಿದ್ದೇ ತಡ, ಸಂಕರ್ಷಣನ ಪಾಸ್‌ಪೋರ್ಟು ಬೀರುವಿನಿಂದ ದೇವರ ಮನೆಗೆ ಬಡ್ತಿ ಪಡೆಯಿತು.

“ಒಂದೇ ಮಾತು ಕಣ್ರೀ,” ಎಂದಳು ಪ್ರಿಯಂವದಾ ಬೆಳಗ್ಗೆ ಹೊರಡುವಾಗ. “ಇವತ್ತು ನಿಮ್ಮ ಪನ್ನು ಗಿನ್ನು ಬೇಡ. ವಾರದಿಂದ ‘ಓ, ಸಾಕಾ? ಓ, ಸಾಕಾ?’ ಅಂತ ಕೇಳಿ ಕೇಳಿ ನಂಗೆ ಸಾಕಾಗಿದೆ.”

“ನೋಡಿದ್ಯಾ, ನೀನೇ ಮಾಡ್ದೆ!”

“ಸಂಜೆ ನಾನು, ಯುಕಿ ಬರೋವರ್ಗೂ ಬಾಯಿಗೆ ಬೀಗ. ಏನಾದ್ರೂ ತರಲೆ ಮಾಡಿದ್ರೋ, ಓಸಾಕಾಗೆ ನಾನೊಬ್ಳೇ!”

ಕೆಂಜಿ ಕಂಡದ್ದಕ್ಕೆಲ್ಲ ಕಣ್ಣರಳಿಸುವ ಐವತ್ತರ ಮನುಷ್ಯ. ಗಾಂಧಿ ಬಜಾರಿನಲ್ಲಿ ಮೊಳಕೈಯಿಂದಲೇ ಮಲ್ಲಿಗೆ ಅಳೆದುಕೊಟ್ಟ ಹೂವಿನಾಕೆಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ದೊಡ್ಡ ಬಸವಣ್ಣನೆದುರು ಕಾಲು ಗಂಟೆ ಕೂತು, “ಇಷ್ಟು ದೊಡ್ಡ ದೇಹ, ಒಂದು ಮಾತಿಲ್ಲ. ಎಂಥ ಸಂಯಮ!” ಎಂದು ನಿಟ್ಟುಸಿರಿಟ್ಟರು. ಬಾಯಿಗೆ ಬೀಗ ಹಾಕಿಸಿಕೊಂಡಿದ್ದ ಸಂಕರ್ಷಣನಿಗೆ ಬಸವಣ್ಣನ ಕಷ್ಟ ಅಂದು ಅರ್ಥವಾಯಿತು. ಹೋಟೆಲಿನಲ್ಲಿ ಬೈ-ಟು ಕಾಫಿ ಬಂತು. ಒಂದು ಕಾಫಿ ಎರಡು ಲೋಟವಾದದ್ದನ್ನು ಕಂಡು ಕೆಂಜಿಯ ಕಣ್ಣು ಒದ್ದೆಯಾಯಿತು: “ಗೆಳೆತನಕ್ಕೆ ಇಂಥ ವಿಧಿ ನಮ್ಮಲ್ಲೂ ಇಲ್ಲ.”

ಮಧ್ಯಾಹ್ನದ ಊಟ ಪಕ್ಕದ ಮನೆಯ ಸುಂದರಮ್ಮನವರಲ್ಲಿ.

“ಹೆಸರೇನಪ್ಪಾ ಇವರ್ದು?”

“ಕೆಂಜಿ.”

“ಗಂಜಿಯೇ? ಪಾಪ, ಎಂಥ ಬಡತನ ಇದ್ದಿರ್ಬೇಕು, ಮಗೂಗೆ ಗಂಜಿ ಅಂತ ಹೆಸರಿಡೋಕೆ!” ಎಂದು ಕರಗಿದ ಸುಂದರಮ್ಮ ಎಲೆ ಹಾಕಿ ನಾಲ್ಕು ಒಬ್ಬಟ್ಟು ಇಳಿಸಿದರು. ನಾಲ್ಕೂ ಮುಗಿದವು. ಪರದೇಶದವರೆದುರು ಕನ್ನಡದ ಮಾನ ಹೋಗಬಾರದಲ್ಲ, ಎಂದಿನಂತೆ ‘ಸಾಕಾ’ ಎನ್ನದೆ, ರೇಡಿಯೋ ನಾಟಕದ ಮಹಾರಾಣಿಯ ಹಾಗೆ ಕೇಳಿದರು: “ಸಾಕೇ?”

ಕೆಂಜಿ ಬೆಚ್ಚಿ ಎರಡೂ ಕೈ ಆಡಿಸಿದರು. “ನೋ, ನೋ!”

“ಸಾಲ್ದಂತೆ, ಪಾಪ!” ಇನ್ನೆರಡು ಒಬ್ಬಟ್ಟು, ಮೇಲೆ ತುಪ್ಪ. “ಈಗ ಸಾಕೇ?”

“ನೋ, ನೋ, ನೋ!”

ಮತ್ತೆರಡು.

ಕೆಂಜಿ ಪಕ್ಕಕ್ಕೆ ಬಾಗಿ ಹರುಕು ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು: “ನಾನು ಹಗಲು ಹೊತ್ತು ಕುಡಿಯೋದಿಲ್ಲ. ಈ ಅಜ್ಜಿ ಮನೇಲಿ ಯಾವಾಗ್ಲೂ ಸಾಕೆ ಇರುತ್ತಾ?”

ಸಂಕರ್ಷಣನ ತಲೆಯಲ್ಲಿ ಮಿಂಚು ಹೊಡೆಯಿತು. ಸಾಕೆ! ಜಪಾನಿನವರು ಅಕ್ಕಿಯಿಂದ ಮಾಡುವ ಮದ್ಯ! ತಪಸ್ಸು ಮಾಡಿದರೂ ಸಿಗದ ಶ್ಲೇಷೆ ತಾನಾಗಿ ಎಲೆಯ ಮೇಲೆ ಬಂದು ಬಿದ್ದಿದೆ. ಬಿಡಿಸಿ ಹೇಳಿದರೆ ಹೆಂಡತಿಯ ಆಣೆ ಮುರಿಯುತ್ತದೆ; ಹೇಳದಿದ್ದರೆ ಅತಿಥಿಯ ಹೊಟ್ಟೆ ಒಡೆಯುತ್ತದೆ. ಒಳಗಿದ್ದ ತುಂಟ ಆಣೆಯ ಪಕ್ಷ ವಹಿಸಿದ.

“ಅದು ನಮ್ಮ ಸಂಪ್ರದಾಯ,” ಎಂದ ಗಂಭೀರವಾಗಿ. “ಪ್ರತಿ ಮನೇಲೂ ಕೇಳ್ತಾರೆ.”

“ಎಂಥ ಉದಾರ ಊರು!” ಎಂದರು ಕೆಂಜಿ.

ಗೇಟು ದಾಟುವಷ್ಟರಲ್ಲಿ ಎದುರುಮನೆಯ ಗಿರಿಜಾಂಬಾ ಅಡ್ಡಗಟ್ಟಿದರು. “ಅವರ ಮನೇಲಿ ಎಂಟು ಒಬ್ಬಟ್ಟು ತಿಂದ್ರಂತೆ. ನಮ್ಮನೇಲೇನು ಮುಳ್ಳಿದ್ಯಾ? ಒಂದ್ ತುತ್ತು ಬಿಸಿಬೇಳೆಬಾತ್ ತಿಂದೇ ಹೋಗ್ಬೇಕು!”

ಗಿರಿಜಾಂಬಾ ಅವರ ಗಂಡ ಪಂಚಾಕ್ಷರಯ್ಯ ನಿವೃತ್ತ ಕನ್ನಡ ಮೇಷ್ಟರು. ಸೌಟು ಹಿಡಿದರೂ ವ್ಯಾಕರಣ ಬಿಡದವರು. “ಸಾಕೇ, ಮಾನ್ಯರೇ?” ಎಂದರು. ನೋ. ಒಂದು ಸೌಟು. “ಸಾಕೇ?” ನೋ. ಇನ್ನೊಂದು. ಮೂರನೆಯ ಸಲ ಕೇಳಿದಾಗ ಕೆಂಜಿಗೆ ಅನ್ನಿಸಿತು, ಇಷ್ಟು ಸಲ ಬೇಡವೆಂದರೆ ಸಂಪ್ರದಾಯಕ್ಕೇ ಅವಮಾನ. ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಲೋಟ ಮುಂದೊಡ್ಡಿ, “ಎಸ್! ಸಾಕೆ!” ಎಂದರು.

“ಆಹಾ, ಕನ್ನಡದಲ್ಲೇ ಹೇಳಿದ್ರು ನೋಡೇ! ಸಾಕಂತೆ!” ಮೇಷ್ಟರು ಪುಳಕಗೊಂಡರು.

ಸಾಕು ಎಂದ ಮೇಲೆ ನಮ್ಮಲ್ಲಿ ಬರುವುದು ಒಂದೇ: ಮಜ್ಜಿಗೆ. ಗಿರಿಜಾಂಬಾ ಲೋಟದ ತುಂಬ ಸುರಿದರು. ಬೆಳ್ಳಗೆ ಮಬ್ಬುಮಬ್ಬು, ಅದರಲ್ಲಿ ಇಂಗು, ಶುಂಠಿ, ಜಜ್ಜಿದ ಹಸಿಮೆಣಸಿನಕಾಯಿ. ಕೆಂಜಿ ಒಂದೇ ಗುಟುಕಿಗೆ ಏರಿಸಿದರು. ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರಾಡಿತು.

“ಆಹ್! ಸೋಸದ ಸಾಕೆ! ಮನೇಲೇ ಮಾಡಿದ್ದಾ?”

“ಎಸ್, ಎಸ್, ಹೋಮ್ ಮೇಡ್!” ಎಂದರು ಗಿರಿಜಾಂಬಾ ಹೆಮ್ಮೆಯಿಂದ.

ನಾಲ್ಕನೆಯ ಲೋಟಕ್ಕೆ ಕೆಂಜಿಗೆ ಅಮಲೇರಿತು. ಮಿಕ್ಸಿಗೆ ನಮಸ್ಕರಿಸಿದರು, ಮೇಷ್ಟರನ್ನು ತಬ್ಬಿಕೊಂಡರು. ಒಂದು ಚಕ್ರ ಸಡಿಲವಾದ ತಳ್ಳುಗಾಡಿಯ ಹಾಗೆ ಬೀದಿಗಿಳಿದು, ಜಪಾನಿ ಹಾಡನ್ನು ತಾರಸ್ಥಾಯಿಯಲ್ಲಿ ಎತ್ತಿಕೊಂಡರು. ಸಂಕರ್ಷಣನ ತುಂಟತನ ಇಳಿದುಹೋಯಿತು.

“ಕೆಂಜಿಯವ್ರೇ, ಅದು ಬರೀ ಮಜ್ಜಿಗೆ! ಮಜ್ಜಿಗೆ!”

“ಮಜ್ಜಿಗೆ! ಒಳ್ಳೇ ಬ್ರ್ಯಾಂಡ್!” ಎಂದು ಕೆಂಜಿ ಅವನ ಹೆಗಲಿಗೆ ಜೋತುಬಿದ್ದರು.

ಅಷ್ಟರಲ್ಲಿ ಸುಂದರಮ್ಮ ಫೋನು ಹಿಡಿದಾಗಿತ್ತು. “ಪ್ರಿಯಂವದಾ, ನಿನ್ನ ಗಂಡ ಆ ಗಂಜಿಯವ್ರಿಗೆ ಕುಡಿಸ್ಬಿಟ್ಟಿದಾನೆ ಕಣೇ! ಬೀದೀಲಿ ಹಾಡ್ತಿದಾರೆ!”

ಸಂಜೆ ಬರಬೇಕಾದವರು ಅರ್ಧ ಗಂಟೆಯಲ್ಲೇ ಟ್ಯಾಕ್ಸಿಯಿಂದ ಇಳಿದರು. ಯುಕಿ ನೇರವಾಗಿ ಗಂಡನ ಬಾಯಿ ಮೂಸಿದರು. ಇಂಗು. ಪ್ರಿಯಂವದಾ ಗಂಡನತ್ತ ನೋಡಿದಳು. ಹಸಿಮೆಣಸಿನಕಾಯಿ ಅವಳ ಕಣ್ಣಲ್ಲೂ ಇತ್ತು. ಸಂಕರ್ಷಣ ಕೈಮುಗಿದು ಎಲ್ಲವನ್ನೂ ಒಪ್ಪಿಕೊಂಡ: ‘ಸಾಕೇ’ ಎಂದರೆ ಕನ್ನಡದಲ್ಲೇನು, ಬೇಡವೆಂದಷ್ಟೂ ಯಾಕೆ ಬಡಿಸಿದರು, ಸಂಪ್ರದಾಯವೆಂಬ ಸುಳ್ಳು ಯಾರದು. ಕೆಂಜಿಯ ಹಾಡು ಅರ್ಧಕ್ಕೆ ನಿಂತಿತು. ಪಾಸ್‌ಪೋರ್ಟು ದೇವರ ಮನೆಯಿಂದ ಮತ್ತೆ ಬೀರುವಿನತ್ತ ನಡೆಯುತ್ತಿರುವುದು ಸಂಕರ್ಷಣನಿಗೆ ಕಂಡಂತಾಯಿತು.

ಯುಕಿ ನಿಧಾನವಾಗಿ ಹೇಳಿದರು: “ಮದುವೆಯಾಗಿ ಇಪ್ಪತ್ತು ವರ್ಷ. ಇವರು ಹಾಡಿದ್ದು ಇದೇ ಮೊದಲು. ಅದೂ ಮಜ್ಜಿಗೆ ಕುಡಿದು!” ಆಮೇಲೆ ಮುಖ ಅರಳಿತು. “ನಿಮ್ಮ ಯಜಮಾನರು ತುಂಬಾ ಹಿಡಿಸಿದರು, ಪ್ರಿಯಂವದಾ. ಇಂಥ ಊರು ಬಿಟ್ಟು ಓಸಾಕಾ ಯಾಕೆ? ತರಬೇತಿ ಇಲ್ಲೇ ಇಟ್ಟುಕೊಳ್ಳೋಣ. ನಾವೇ ಬರ್ತೀವಿ. ಮೂರು ವಾರವೂ ಕೆಂಜಿ ಇವರ ಜೊತೆಗೇ ಇರಲಿ!” ಎಂದವರೇ ನಿಂತ ನಿಲುವಿನಲ್ಲೇ ಓಸಾಕಾಗೆ ಫೋನಾಯಿಸಿ ಒಪ್ಪಿಗೆಯನ್ನೂ ಪಡೆದರು.

“ಹಿಡಿಸಿದ್ರಿ ಕಣ್ರೀ,” ಎಂದಳು ಪ್ರಿಯಂವದಾ ಹಲ್ಲು ಕಚ್ಚಿ. “ಚೆನ್ನಾಗೇ ಹಿಡಿಸಿದ್ರಿ. ನನ್ನ ಓಸಾಕಾನೂ ಹೋಯ್ತು. ಇನ್ನು ಮೂರು ವಾರ ಕೋಸು ಹೆಚ್ಚಿ!”

ಸುಂದರಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಮೇಷ್ಟರು ವ್ಯಾಕರಣ ಮರೆತು ನಕ್ಕರು. ಅಳಲಾರದೆ ಸಂಕರ್ಷಣನೂ ನಕ್ಕ. ಆದರೆ ಗೇಟಿಗೊರಗಿ, ಒಬ್ಬಟ್ಟು ತುಂಬಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದು, ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಹಾರುವಷ್ಟು ಜೋರಾಗಿ ನಗುತ್ತಿದ್ದವರು ಕೆಂಜಿ.