ಅಣ್ಣನಿಗೆ ಎರಡನೇ ಭಾಗ ತೋರಿಸಿದ್ದು

ಒಂದು ಸಿನಿಮಾ ತೋರಿಸಿ ಒಬ್ಬ ಮನುಷ್ಯನನ್ನು ನಗಿಸುವುದು ಅಂಥ ದೊಡ್ಡ ಕೆಲಸವೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಅದೂ ಅಂಥ ಸಿನಿಮಾ, ಅಂಥ ಮನುಷ್ಯ!

ಮನುಷ್ಯ ಎಂದರೆ ಭದ್ರಾವತಿಯಲ್ಲಿರುವ ನನ್ನ ಅಣ್ಣ. ಕಾರ್ಖಾನೆಯಿಂದ ನಿವೃತ್ತನಾದವನು. ಹೋದ ವರ್ಷ ಅತ್ತಿಗೆ ತೀರಿಕೊಂಡ ಮೇಲೆ ಅವನ ಮಾತೆಲ್ಲ ಒಂದು "ಹೂಂ"ಗೆ ಇಳಿದಿತ್ತು. ಫೋನಿನಲ್ಲಿ "ಊಟ ಆಯ್ತಾ?" ಎಂದರೆ "ಹೂಂ". "ಏನು ಸಾರು ಮಾಡಿದ್ದೆ?" ಎಂದರೂ "ಹೂಂ".

ಸಿನಿಮಾ ಎಂದರೆ, ಅಣ್ಣನ ಮದುವೆಯ ಹೊಸತರಲ್ಲಿ ಅಣ್ಣ, ಅತ್ತಿಗೆ, ನಾನು ಮೂವರೂ ಭದ್ರಾವತಿಯ ಟಾಕೀಸಿನಲ್ಲಿ ನೋಡಿದ್ದ ನಿಧಿ ಹುಡುಕುವ ಕಥೆ. ನಾಯಕ ಹಗ್ಗ ಹಿಡಿದು ಹೊಳೆ ದಾಟುತ್ತಾನೆ. ಅವನ ಹಿಂದೆ ದಪ್ಪ ಹೊಟ್ಟೆಯ ಅಡುಗೆಭಟ್ಟ, ಬೆನ್ನಿಗೆ ಬಾಣಲೆ ಕಟ್ಟಿಕೊಂಡು. ಕಳ್ಳರಿಗೆ ಹೆದರಿ ಎಲ್ಲರೂ ಉಸಿರು ಬಿಗಿಹಿಡಿದು ಅಡಗಿ ಕೂತಾಗಲೇ ಭಟ್ಟನಿಗೆ ಸೀನು! ಅತ್ತಿಗೆ ಆ ಸೀನನ್ನು ಎಷ್ಟು ಚೆನ್ನಾಗಿ ಕಲಿತಿದ್ದರೆಂದರೆ, ಅವರಿಗೆ ನಿಜವಾಗಿ ನೆಗಡಿಯಾದಾಗ ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ.

ಇಷ್ಟು ವರ್ಷಗಳ ಮೇಲೆ ಅದರ ಎರಡನೇ ಭಾಗ ನಾವಿರುವ ಶಿವಮೊಗ್ಗಕ್ಕೆ ಬಂತು. ನಾನು ಕುಣಿದಾಡಿದೆ.

"ಮೊದ್ಲು ಹೇಗಿದೆ ಅಂತ ಯಾರನ್ನಾದ್ರೂ ಕೇಳು ಮಾರಾಯ್ತಿ" ಎಂದರು ನನ್ನ ಗಂಡ.

"ಅದ್ರಲ್ಲಿ ಕೇಳೋದೇನಿದೆ? ಅದೇ ಹೀರೋ, ಅದೇ ಭಟ್ಟ!"

ಅಣ್ಣನಿಗೆ ಫೋನು ಮಾಡಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ ಎಂದು ಭರವಸೆ ಕೊಟ್ಟೆ. "ಹೂಂ" ಎಂದ. ಆದರೆ ಭಾನುವಾರ ಮಧ್ಯಾಹ್ನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಸ್ಸಿನಲ್ಲಿ ಬಂದೇಬಿಟ್ಟ. ಕೂದಲಿಗೆ ಎಣ್ಣೆ ಬೇರೆ ಹಚ್ಚಿದ್ದ. ಅದನ್ನು ನೋಡಿಯೇ ನನಗೆ ಅರ್ಧ ಗೆದ್ದಂತಾಯಿತು.

ನಾನೇ ಕಾರು ಓಡಿಸಿದೆ. ನಾವು ಮೂವರೂ ಮಾಲ್‌ನ ಥಿಯೇಟರಿನಲ್ಲಿ ಕೂತೆವು. ನಾಯಕ ಪರದೆಯ ಮೇಲೆ ಬಂದ ಕೂಡಲೇ ನಾನು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ. ಹಾಲ್‌ನಲ್ಲಿ ಬೇರೆ ಯಾರೂ ಹೊಡೆಯಲಿಲ್ಲ. ಏಕೆಂದರೆ ನಾಯಕ ಹೆಂಡತಿಯ ಸಮಾಧಿಯ ಮುಂದೆ ಕೂತು ಅಳುತ್ತಿದ್ದ!

ನಾನು ಅಣ್ಣನ ಮುಖ ನೋಡಲಿಲ್ಲ. "ಈಗ ಭಟ್ಟ ಬರ್ತಾನೆ, ತಾಳು" ಎಂದು ಪಿಸುಗುಟ್ಟಿದೆ. ಬಂದ. ಹಗ್ಗ ಹಿಡಿದು ಹೊಳೆ ದಾಟತೊಡಗಿದ. ಕಳ್ಳರು ಹಗ್ಗ ಕತ್ತರಿಸಿದರು. ಕಬ್ಬಿಣದ ಬಾಣಲೆ ತೇಲಿತು. ಭಟ್ಟ ಮುಳುಗಿದ!

ಆಮೇಲೆ ಕಥೆಯೆಲ್ಲ ಗುಹೆಯೊಳಗೆ. ಕತ್ತಲೆಂದರೆ ಕತ್ತಲೆ, ಯಾರು ಯಾರನ್ನು ಹೊಡೆಯುತ್ತಿದ್ದಾರೆಂದೇ ತಿಳಿಯದು. ಗ್ರಾಹಕಳಾಗಿ ನನ್ನ ಕರ್ತವ್ಯ ನೆನಪಾಗಿ ಎದ್ದುಹೋಗಿ, ಬಾಗಿಲ ಬಳಿ ಇದ್ದವರಿಗೆ ದೂರು ಕೊಟ್ಟೆ: "ನಿಮ್ಮ ಮಷೀನಿನ ಬಲ್ಬು ಹೋಗ್ತಾ ಇದೆ, ನೋಡಿ."

"ಬಲ್ಬು ಸರಿ ಇದೆ ಮೇಡಂ. ಪಿಕ್ಚರೇ ಹಾಗೆ" ಎಂದರು ಅವರು, ಸಂತಾಪ ಸೂಚಿಸುವ ದನಿಯಲ್ಲಿ.

ಹಿಂದಿರುಗಿದಾಗ ನನ್ನ ಗಂಡ ಗೊರಕೆ ಹೊಡೆಯುತ್ತಿದ್ದರು. ಕತ್ತಲು ಅವರಿಗೆ ಒಗ್ಗಿತ್ತು.

ಮಧ್ಯಂತರದಲ್ಲಿ ಅಣ್ಣನಿಗೆಂದು ಪಾಪ್‌ಕಾರ್ನ್ ಕೊಳ್ಳಲು ಹೋದೆ. ಸರತಿ ಉದ್ದ ಇತ್ತು. ಒಳಗೆ ಬರುವಷ್ಟರಲ್ಲಿ ದೀಪ ಆರಿಸಿದ್ದರು. ತಡಕಾಡಿಕೊಂಡು ಬಂದು ಕೂತೆ. ಏನಾಶ್ಚರ್ಯ! ಪರದೆಯ ತುಂಬ ಬೆಳಕು, ಮದುವೆಮನೆ, ಹಾಡು, ಜಾರಿಬೀಳುವ ಪುರೋಹಿತರು. ಪಕ್ಕದಿಂದ ನಗು ಕೇಳಿಸಿತು. ಅಣ್ಣ ನಗುತ್ತಿದ್ದಾನೆ! ನನಗೆ ಕಣ್ಣು ತುಂಬಿ ಬಂತು. ನಿರ್ದೇಶಕನ ತಪ್ಪನ್ನೆಲ್ಲ ಕ್ಷಮಿಸಿದೆ. ಬಹಳ ಹೊತ್ತು ಆ ನಗುವನ್ನು ಕೇಳುತ್ತಾ ಕೂತಿದ್ದು, ಕೊನೆಗೆ ಅವನ ಕೈ ಹಿಡಿದು, "ನಾನು ಹೇಳಿರ್ಲಿಲ್ವಾ?" ಎಂದೆ.

"ನೀವು ಯಾರಮ್ಮ?" ಎಂದಿತು ಆ ಕೈ.

ನಾನು ಪಕ್ಕದ ಹಾಲ್‌ಗೆ ನುಗ್ಗಿದ್ದೆ! ಪಾಪ್‌ಕಾರ್ನನ್ನು ಅಲ್ಲೇ ಬಿಟ್ಟು ನಮ್ಮ ಹಾಲ್‌ಗೆ ಓಡಿದೆ. ಗುಹೆ ಇನ್ನೂ ಮುಗಿದಿರಲಿಲ್ಲ. ಅಣ್ಣನ ಸೀಟು ಖಾಲಿ ಇತ್ತು.

ಕೆಳಗಿಳಿದು ಹುಡುಕಿದೆ. ಹತ್ತಿರದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಭದ್ರಾವತಿ ಬಸ್ಸು ಹತ್ತುತ್ತಿದ್ದ. ಅವನನ್ನು ಹಾಗೆ ಒಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ನಾನೂ ಹತ್ತಿ ಪಕ್ಕದಲ್ಲಿ ಕೂತೆ.

"ತಪ್ಪಾಯ್ತು ಅಣ್ಣ" ಎಂದೆ.

ಬಸ್ಸು ತುಂಗಾ ಸೇತುವೆ ದಾಟಿತು. ಆಮೇಲೆ ಅಣ್ಣ ಕಿಟಕಿಯ ಕಡೆ ನೋಡುತ್ತಲೇ, "ನಿಮ್ಮತ್ತಿಗೆ ಕಟ್ಟಿದ್ದ ಎರಡನೇ ಭಾಗ ಇದಕ್ಕಿಂತ ಚೆನ್ನಾಗಿತ್ತು" ಎಂದ.

ನಾನು ತಿರುಗಿ ನೋಡಿದೆ.

"ದಿನಾ ಹೇಳೋಳು. ನಾನು ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತ್ರೆ, ಅವ್ಳು ಬಡಿಸ್ತಾ ಕಥೆ ಶುರು ಮಾಡೋಳು. ನಿಧಿ ಸಿಕ್ಕಿದ್ಮೇಲೆ ಭಟ್ಟ ಒಂದು ಹೋಟ್ಲು ಇಡ್ತಾನೆ. ಕಳ್ಳರೆಲ್ಲ ಅಲ್ಲಿಗೇ ತಿಂಡಿಗೆ ಬರ್ತಾರೆ. ಭಟ್ಟನಿಗೆ ಅವ್ರ ಗುರ್ತು ಸಿಗಲ್ಲ, ಇನ್ನೊಂದು ದೋಸೆ ಹಾಕ್ಲಾ ಅಂತಾನೆ..."

ಒಂದು ವರ್ಷದಿಂದ ಅವನು ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಕೊನೆಗೆ ಏನಾಗತ್ತೆ?" ಎಂದೆ.

"ಕೊನೆ ಹೇಳಿಲ್ಲ ಕಣೆ. ಹೇಳ್ತಾಳೆ ಬಿಡು, ಎಲ್ಲಿ ಹೋಗ್ತಾಳೆ ಅಂತ ನಾನೂ ಕೇಳ್ಲಿಲ್ಲ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಗಂಡ!

"ಪಿಕ್ಚರ್ ಬಿಡ್ತು. ಹಾಲ್ ಗುಡಿಸೋರು ಬಂದು ಎಬ್ಬಿಸಿದ್ರು. ಎಲ್ಲಿದೀರಾ ನೀವಿಬ್ರೂ?"

"ಭದ್ರಾವತಿ ಬಸ್ಸಲ್ಲಿ."

"ಬಸ್ಸಲ್ಲಾ? ನಮ್ ಕಾರು?"

"ಅಲ್ಲೇ ಕೆಳಗೆ ನಿಂತಿದೆ."

"ಕೀ?"

ಬ್ಯಾಗಿಗೆ ಕೈ ಹಾಕಿದೆ. ಕೀ ಭದ್ರವಾಗಿತ್ತು!

ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದ. ಮೊದಲು ಅವನ ಹೆಗಲು ಅಲುಗಿತು. ಆಮೇಲೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ನಗುತ್ತಲೇ ಫೋನು ಕಿತ್ತುಕೊಂಡು, "ಭಾವ, ನೀವೂ ಬಸ್ ಹತ್ಕೊಂಡು ಬನ್ನಿ. ಅನ್ನಕ್ಕಿಡ್ತೀನಿ. ಇವ್ಳ ಬುದ್ಧಿ ಚಿಕ್ಕಂದಿನಿಂದ್ಲೂ ಹೀಗೇ" ಎಂದ.

ದಾರಿಯಲ್ಲಿನ ನಿದಿಗೆ ಊರು ದಾಟುವವರೆಗೂ ಅವರಿಬ್ಬರೂ ಫೋನಿನಲ್ಲಿ ನನ್ನನ್ನು ಆಡಿಕೊಂಡರು. ನಾನು ಕಾರಿನ ಕೀ ಹಿಡಿದುಕೊಂಡು ಬಸ್ಸಿನಲ್ಲಿ ಕೂತಿದ್ದೆ.